ಬಲಗಡೆಯ ಗಿಟಾರ್

ಸ್ಯಾನ್ ರಮೋನ್
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಆರತಿ,

ಹನ್ನೆರಡು ನಿಮಿಷದ ದಾರಿಗೆ ಅಂಚೆಯಲ್ಲಿ ಕಾಗದ ಹಾಕುತ್ತಿರುವುದು ನಿನಗೆ ನಗು ತರಿಸಬಹುದು. ತರಿಸಿದರೆ ಒಳ್ಳೆಯದೇ. ನವೆಂಬರಿನಿಂದ ನನ್ನ ಫೋನನ್ನು ನೀನು ಎತ್ತಿಲ್ಲ. ಮೆಸೇಜು ಕಳಿಸಿದರೆ "ಆತು", "ನೋಡೂಣು" ಎಂದಷ್ಟೇ ಉತ್ತರ. ಅದನ್ನು ದೂರುತ್ತಿಲ್ಲ. ನೀನು ಫೋನ್ ಎತ್ತಿದ್ದರೂ ನನ್ನ ಮೊದಲ ವಾಕ್ಯಕ್ಕೇ "ಇರ್ಲಿ ಬಿಡು ಹೇಮಾ" ಎಂದುಬಿಡುತ್ತಿದ್ದೆ, ನಾನೂ ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ಮುಖ್ಯವಾದದ್ದನ್ನು ಮೊದಲೇ ಬರೆಯುತ್ತೇನೆ. ಮುಂದೆ ಓದಲು ನಿನಗೆ ಮನಸ್ಸಾಗದಿದ್ದರೂ ಇಷ್ಟಾದರೂ ತಲುಪಲಿ. ನಿನ್ನ ಕೈ ಒರಟಲ್ಲ. ಅದರಲ್ಲಿ ಯಾವತ್ತೂ ದೋಷವಿರಲಿಲ್ಲ. ದೋಷವಿದ್ದದ್ದು ನನ್ನ ಬಲಗಿವಿಯಲ್ಲಿ. ಇದು ನನಗೆ ಗೊತ್ತಾಗಿ ಮೂರು ತಿಂಗಳ ಮೇಲಾಯಿತು. ನಿನಗೆ ಹೇಳಲಿಲ್ಲ.

ಇವತ್ತೇ ಬರೆಯಲು ಕೂತದ್ದಕ್ಕೆ ಕಾರಣ ನಿನ್ನ ಅತ್ತೆ. ನಿನ್ನೆ ಮಧ್ಯಾಹ್ನ ಗ್ರೋಸರಿಯಲ್ಲಿ ಸಿಕ್ಕಿದ್ದೆವೆಂದು ಅವರು ನಿನಗೆ ಹೇಳಿದ್ದಾರೋ ಇಲ್ಲವೋ. ತಾಯಿಯನ್ನು ಕರೆತಂದಿದ್ದ ಅನಿಕೇತ ಅಕ್ಕಿ ಮೂಟೆ ತರಲು ಒಳಗಿನ ಸಾಲಿಗೆ ಹೋಗಿದ್ದರು. ನಾನು ಬದನೆಕಾಯಿ ಆರಿಸುತ್ತಿದ್ದೆ. ಯಾರೋ ತೋಳು ತಟ್ಟಿದರು. ನೋಡಿದರೆ ಈರವ್ವನವರು.

"ಯಾಕವಾ ಹೇಮಾ, ಮೂರು ಸಲ ಕರದ್ನಿ. ತಿರುಗಿ ಸೈತ ನೋಡವಲ್ಲಿ. ನಮ್ಮ ಮ್ಯಾಲ ಸಿಟ್ಟೇನ?"

ಅಂಗಡಿಯಲ್ಲಿ ಗಲಾಟೆ, ಕೇಳಿಸಲಿಲ್ಲ ಎಂದೆ. ಗಲಾಟೆಯೇನೂ ಇರಲಿಲ್ಲ. ಅವರು ನಿಮ್ಮ ಮನೆಯ ಹಿತ್ತಲಿನ ಮೆಂತ್ಯದ ಬಗ್ಗೆ ಮಾತಾಡುತ್ತ ನನ್ನ ಬಲಕ್ಕೆ ಬಂದರು. ನಾನು ಎಡಗಿವಿ ಅವರ ಕಡೆಗಾಗುವಂತೆ ತಿರುಗಿದೆ. ಮತ್ತೆ ಬಲಕ್ಕೆ ಬಂದರು, ನಾನು ಮತ್ತೆ ತಿರುಗಿದೆ. ಬೇಕೆಂದೇ ಹಾಗೆ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. "ಈ ಕಿವಿ ಹೋಗೈತಿ, ಹೌದಿಲ್ಲೋ?" ಎಂದು ನೇರವಾಗಿ ಕೇಳಿದರು. ಗಂಡನಾಗಿ ಒಂದೇ ಮನೆಯಲ್ಲಿರುವ ರಘುವಿಗೆ ನಾನಾಗಿ ಹೇಳುವವರೆಗೂ ಗೊತ್ತಾಗದ್ದು ಅವರಿಗೆ ಎರಡು ನಿಮಿಷದಲ್ಲಿ ಗೊತ್ತಾಯಿತು.

ಹೌದೆಂದೆ. ಆರತಿಗೆ ಗೊತ್ತೇ ಎಂದರು. ಇಲ್ಲವೆಂದೆ. ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಆಕಿ ಗಿಟಾರ ಕೊಟ್ಟ ಬಿಡಾಕತ್ತಾಳ. ಹದಿನಾರಕ್ಕ, ಐತವಾರ, ಯಾರೋ ಬಂದು ಒಯ್ತಾರಂತ. ನನ್ನ ಕೈ ಒರಟ ಐತಿ ಅತ್ತಿ, ರೊಟ್ಟಿ ಬಡಿಯಾಕ ಅಡ್ಡಿ ಇಲ್ಲ, ಇದಕ್ಕಲ್ಲ ಅಂತಾಳ. ನಾ ಇಪ್ಪತ್ತೆರಡಕ್ಕ ಊರಿಗೆ ಹೊಂಟೇನಿ. ಹೋಗೂದ್ರಾಗ ನಮ್ಮವ್ವನ ಪದ ಒಮ್ಮೆ ಪೂರ್ತಿ ಕೇಳಬೇಕಂತ ಇತ್ತು." ಅಷ್ಟರಲ್ಲಿ ಅನಿಕೇತ ಮೂಟೆ ಹೊತ್ತು ಬರುವುದು ಕಂಡಿತು. ಅವರು ದನಿ ತಗ್ಗಿಸಿ, ಈ ಸಲ ಎಡಗಿವಿಯ ಹತ್ತಿರವೇ ಬಂದು, "ನಾ ಹೇಳಂಗಿಲ್ಲ. ನನ್ನ ಬಾಯಿಂದ ಬಂದ್ರ ಚಾಡಿ ಆಕ್ಕೈತಿ. ನೀನ ಹೇಳು" ಎಂದರು.

ಆದ್ದರಿಂದ ಇದು ನನ್ನ ಒಳ್ಳೆಯತನ ಬರೆಸಿದ ಕಾಗದ ಎಂದುಕೊಳ್ಳಬೇಡ. ಸಿಕ್ಕಿಬಿದ್ದವಳು ಬರೆಯುತ್ತಿರುವ ಕಾಗದ.

ಕ್ರಮವಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಬರುತ್ತದೆ, ಬೇಸರಪಡಬೇಡ. ಕ್ರಮ ತಪ್ಪಿದರೆ ನನಗೆ ಬೇಡವಾದದ್ದನ್ನು ಹಾರಿಸಿಬಿಡುತ್ತೇನೆ.

ಡೇಕೇರಿನ ಬಾಗಿಲಲ್ಲಿ ನಮಗೆ ಪರಿಚಯವಾದಾಗ ಮಕ್ಕಳಿಗೆ ಎರಡು ವರ್ಷ. ಅದೇ ಮಕ್ಕಳಿಗೆ ಹನ್ನೆರಡಾದಾಗ ಗಿಟಾರ್ ಕ್ಲಾಸಿಗೆ ಸೇರಿಸಿದೆವು. ನನ್ನ ಅಕ್ಷಯಾ ಎರಡು ತಿಂಗಳಿಗೆ ಬಿಟ್ಟಳು, ನಿನ್ನ ಮಗ ನಾಲ್ಕು ತಿಂಗಳಿಗೆ. ಗಿಟಾರುಗಳು ಕ್ಲಾಸೆಟ್ಟಿನಲ್ಲಿ ಉಳಿದವು. "ದುಡ್ಡು ಕೊಟ್ಟ ತಂದದ್ದು, ನಾವರ ಬಾರಿಸೂಣಲ್ಲ" ಎಂದವಳು ನೀನು. ನಲವತ್ತೆರಡು ದಾಟಿದ ಇಬ್ಬರು ಹೆಂಗಸರು ಭಾನುವಾರದ ಮಧ್ಯಾಹ್ನಗಳಲ್ಲಿ ನಮ್ಮ ಗ್ಯಾರೇಜಿನಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕ ಕೂತು, ಬೆರಳ ತುದಿ ಕೆಂಪಾಗುವವರೆಗೆ ತಂತಿ ಒತ್ತುತ್ತಿದ್ದೆವು. ರಘು ಬಾಗಿಲು ತೆರೆದು "ಏನ್ರೇ, ಇವತ್ತಾದ್ರೂ ಊಟ ಉಂಟಾ, ಇಲ್ಲ ಬರೀ ಸಂಗೀತಾನಾ?" ಎನ್ನುತ್ತಿದ್ದ. ನೀನು "ಬರ್ರಿ, ನೀವು ಕುಕ್ಕರ್ ಸೀಟಿ ಹೊಡಸ್ರಿ, ನಾವು ತಾಳ ಹಾಕೋತೀವಿ" ಎನ್ನುತ್ತಿದ್ದೆ.

ಆಮೇಲೆ ಆ ಎರಡು ಪೆಟ್ಟಿಗೆಗಳನ್ನು ತರಿಸಿದವಳು ನಾನು. ದೊಡ್ಡ ಆಂಪ್ಲಿಫೈಯರು ಇಡಲು ಜಾಗವಿರಲಿಲ್ಲ, ಪಕ್ಕದ ಮನೆಯವರು ಸುಮ್ಮನಿರುವವರೂ ಅಲ್ಲ. ದೊಡ್ಡ ಆಂಪು, ಅದರ ಸ್ಪೀಕರು, ಅದು ಗುಡುಗುವ ರೀತಿ, ಎಲ್ಲವನ್ನೂ ಒಳಗೊಳಗೇ ಗಣಿತದಲ್ಲಿ ಅನುಕರಿಸಿ ಹೆಡ್‌ಫೋನಿಗೆ ಕೊಡುವ ಮಾಡೆಲರು ನಮಗೆ ಸರಿಹೋಯಿತು. ಮೊದಲ ದಿನ ಅದನ್ನು ಅಂಗೈಯಲ್ಲಿ ತೂಗಿ ನೀನು, "ಇಷ್ಟ ಸಣ್ಣ ಡಬ್ಬ್ಯಾಗ ಅಷ್ಟ ದೊಡ್ಡ ಆಂಪ್ ಹೆಂಗ ಕುಂತೈತಿ? ಕಾಲ ಮಡಚ್ಕೊಂಡು ಕುಂತಿರಬೇಕು, ಪಾಪ" ಎಂದೆ. ನನಗೆ ಅವತ್ತು ನಕ್ಕು ನಕ್ಕು ಹೊಟ್ಟೆ ನೋವು ಬಂದಿತ್ತು.

ಎರಡೂ ಒಂದೇ ಮಾದರಿಯ ಪೆಟ್ಟಿಗೆಗಳು. ಒಂದೇ ಸೆಟ್ಟಿಂಗು ಎರಡಕ್ಕೂ ತುಂಬಿದರೆ ಎರಡು ಗಿಟಾರುಗಳೂ ತಾವಾಗಿ ಹೊಂದುತ್ತವೆ ಎಂದುಕೊಂಡಿದ್ದೆವು. ಹೊಂದಲಿಲ್ಲ. ನನ್ನ ಗಿಟಾರ್ ತೆಳು ಮೈಯದು, ದನಿ ಚುರುಕು. ನಿನ್ನದು ಭಾರ, ದನಿ ದಪ್ಪ. ನಾನು ಎಡ ಸ್ಪೀಕರಿನಲ್ಲಿ, ನೀನು ಬಲ ಸ್ಪೀಕರಿನಲ್ಲಿ. ತೀರ ಒಂದೇ ತರಹ ಮಾಡಿದರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಬೇರೆ ಬೇರೆಯಾಗಿ ಬಿಟ್ಟರೆ ತಕ್ಕಡಿ ಒಂದು ಕಡೆ ಜಗ್ಗಿದ ಹಾಗೆ ಕೇಳುತ್ತಿತ್ತು. ಆರು ವಾರ ಕೂತು, ಒಂದೊಂದೇ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಹೊಂದಿಸಿದ್ದೆ. ನಿನ್ನದು ನಿನ್ನದಾಗಿಯೇ ಇತ್ತು, ನನ್ನದು ನನ್ನದಾಗಿಯೇ ಇತ್ತು, ತೂಕ ಮಾತ್ರ ಸಮ. ಆ ಸೆಟ್ಟಿಂಗಿನಲ್ಲಿ ನಿನ್ನ ಟ್ರೆಬಲ್, ಅಂದರೆ ದನಿಯ ಮೊನೆ, ಐದಕ್ಕೆ ಇತ್ತು. ಈ ಅಂಕಿಯನ್ನು ನೆನಪಿಟ್ಟುಕೋ.

ನೀನು ಅಜ್ಜಿಯ ಪದ ತಂದದ್ದು ಆಗಲೇ. ನಿನ್ನ ಅತ್ತೆಯ ತಾಯಿ ಬಂಗಾರೆವ್ವ ಜೋಳ ಬೀಸುವಾಗ ಹಾಡುತ್ತಿದ್ದದ್ದು. ಕಲ್ಲಿನ ಈ ಬದಿಗೆ ಒಬ್ಬಳು ಕೂತು ಒಂದು ನುಡಿ ಕೇಳುವುದು, ಆ ಬದಿಗೆ ಕೂತವಳು ಉತ್ತರ ಕೊಡುವುದು, ಕೊನೆಯ ಸಾಲನ್ನು ಇಬ್ಬರೂ ಕೂಡಿ ಹೇಳುವುದು. ನೀನು ಗುನುಗಿ ತೋರಿಸಿದಾಗಲೇ ಅದು ಎಡಬಲದ ಎರಡು ಗಿಟಾರಿಗೆಂದೇ ಹುಟ್ಟಿದ ಪದ ಅನ್ನಿಸಿತು. ಪ್ರಶ್ನೆ ನನ್ನದು, ಉತ್ತರ ನಿನ್ನದು ಎಂದು ಹಂಚಿಕೊಂಡೆವು. ಕೊನೆಯ ಸಾಲು ಇಬ್ಬರೂ ಕೂಡಿ ನುಡಿಸಿದಾಗ ಸದ್ದು ಎಡಕ್ಕೂ ಇರುತ್ತಿರಲಿಲ್ಲ, ಬಲಕ್ಕೂ ಇರುತ್ತಿರಲಿಲ್ಲ. ಯಾವ ಸ್ಪೀಕರೂ ಇಲ್ಲದ ನಟ್ಟನಡುವಿನ ಜಾಗದಿಂದ ಬರುತ್ತಿತ್ತು. ನೀನು ಕಣ್ಣು ತೆರೆದು, ಕೈ ಚಾಚಿ, ಆ ಜಾಗವನ್ನು ಮುಟ್ಟಿ ನೋಡಲು ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಅಲ್ಲಿ ವಾಷಿಂಗ್ ಮೆಷಿನ್ನಿನ ಮೂಲೆಯಷ್ಟೇ ಇತ್ತು.

ಕಳೆದ ಜುಲೈನಲ್ಲಿ ನಾನು ಮಂಡ್ಯದಿಂದ ವಾಪಸು ಬಂದೆ. ವಿಮಾನದಲ್ಲಿ ನೆಗಡಿಯಿತ್ತು. ಇಳಿದ ಮೇಲೆ ಎಡಗಿವಿ ತೆರೆಯಿತು, ಬಲಗಿವಿ ಪೂರ್ತಿ ತೆರೆಯಲಿಲ್ಲ. ನೆಗಡಿ ಹೋದರೆ ಸರಿಹೋಗುತ್ತದೆ ಎಂದುಕೊಂಡೆ. ಮಾತು ಕೇಳಿಸುತ್ತಿತ್ತು, ಆಫೀಸಿನ ಮೀಟಿಂಗುಗಳು ನಡೆಯುತ್ತಿದ್ದವು. ಕಳೆದುಹೋಗಿದ್ದದ್ದು ಸದ್ದಿನ ಮೊನೆ ಮಾತ್ರ, ಅದೂ ಒಂದೇ ಕಿವಿಯಲ್ಲಿ. ಕಡಿಮೆಯಾದದ್ದು ಇಷ್ಟೇ ಆದ್ದರಿಂದ ಕಡಿಮೆಯಾಗಿದೆ ಎಂದೇ ನನಗೆ ತೋಚಲಿಲ್ಲ.

ತೋಚಿದ್ದು ಬೇರೆ. ಹೆಡ್‌ಫೋನ್ ಹಾಕಿಕೊಂಡರೆ ಎಡಗಿವಿಯಲ್ಲಿ ನಾನು, ಬಲಗಿವಿಯಲ್ಲಿ ನೀನು. ಆಗಸ್ಟಿನ ಒಂದು ಭಾನುವಾರ ನಿನ್ನ ಗಿಟಾರ್ ಕಂಬಳಿ ಹೊದ್ದುಕೊಂಡು ನುಡಿದ ಹಾಗೆ ಕೇಳಿಸಿತು. "ನಿಂದು ಯಾಕೋ ಮಂಕಾಗಿದೆ ಕಣೆ" ಎಂದೆ. ನೀನು ತಂತಿ ಬದಲಾಯಿಸಿದೆ. ಆದರೂ ಮಂಕು. ನಾನು ಟ್ರೆಬಲ್ ಆರಕ್ಕೆ ಏರಿಸಿದೆ. ಸೆಪ್ಟೆಂಬರಿನಲ್ಲಿ ಏಳು. ಅಕ್ಟೋಬರ್ ೨೮ರಂದು ನಾನು ಕಳಿಸಿದ ಕೊನೆಯ ಸೆಟ್ಟಿಂಗ್ ಫೈಲಿನಲ್ಲಿ ಎಂಟೂವರೆ.

ನೀನು ಸುಮ್ಮನೆ ಒಪ್ಪಿಕೊಂಡವಳಲ್ಲ. ಎರಡು ಸಲ ಹೇಳಿದೆ. ಮೊದಲ ಸಲ, "ಹೇಮಾ, ಇದು ಭಾಳ ಚುಚ್ಚತೈತಲ್ಲ" ಎಂದೆ. ಜನ ತುಂಬಿದ ಹಾಲಿನಲ್ಲಿ ಬಟ್ಟೆಬರೆ, ಮೈಕೈ ಎಲ್ಲ ಸೇರಿ ದನಿಯ ಮೊನೆಯನ್ನು ಹೀರಿಬಿಡುತ್ತವೆ, ಈಗ ಚುಚ್ಚಿದರೆ ಅಲ್ಲಿ ಸರಿಯಾಗುತ್ತದೆ ಎಂದು ನಾನು ವಿವರಿಸಿದೆ. ಆ ಮಾತೇನೋ ನಿಜ. ಆದರೆ ಅಷ್ಟೊಂದು ಹೀರುವುದಿಲ್ಲ. ಎರಡನೆಯ ಸಲ ನೀನು ಲ್ಯಾಪ್‌ಟಾಪಿನ ಪರದೆ ತೋರಿಸಿದೆ. ಅಲ್ಲಿ ನಿನ್ನ ಗಿಟಾರಿನ ಗ್ರಾಫು ಬಲತುದಿಯಲ್ಲಿ, ಅಂದರೆ ಮೊನೆಯ ಕಡೆ, ಬೆಟ್ಟದ ಹಾಗೆ ಎದ್ದಿತ್ತು. "ನೋಡು, ಮಷೀನ ಸೈತ ನನ್ನ ಕಡೀನ ಐತಿ" ಎಂದು ನಕ್ಕೆ. ನಾನು ಹೇಳಿದ್ದು: "ಸಂಗೀತನ ಕಣ್ಣಲ್ಲಿ ಕೇಳಬಾರದು ಕಣೆ. ಕಿವೀನ ನಂಬು."

ವಾರದಲ್ಲಿ ಐದು ದಿನ ನಾನು ಮಾಡುವ ಕೆಲಸವೇ ಅಳತೆಯದು. ಕಂಪ್ಯೂಟರ್ ಚಿಪ್ ಸರಿಯಿದೆ ಎಂದು ಯಾವ ಎಂಜಿನಿಯರ್ ಬಂದು ಆಣೆಯಿಟ್ಟರೂ ಮೀಟರು ಹೇಳುವವರೆಗೆ ನಾನು ಸಹಿ ಹಾಕುವುದಿಲ್ಲ. ಭಾನುವಾರ ಮಾತ್ರ ಮೀಟರನ್ನು ಬದಿಗಿಟ್ಟು ಕಿವಿಯನ್ನು ನಂಬು ಎಂದೆ. ನಂಬಬೇಕಾದ ಕಿವಿ ನನ್ನದು ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ನಮ್ಮಿಬ್ಬರಲ್ಲಿ ಲಯ ನಿನ್ನದು, ಹಾಸ್ಯ ನಿನ್ನದು, ಪದ ನಿನ್ನದು. ಕಿವಿಯೊಂದು ನನ್ನದಾಗಿತ್ತು.

ನವೆಂಬರ್ ೯ರ ಕಾರ್ಯಕ್ರಮವನ್ನು ಪೂರ್ತಿ ಬರೆಯುವುದಿಲ್ಲ. ನಡೆದದ್ದರಲ್ಲಿ ನಿನಗೆ ಗೊತ್ತಿಲ್ಲದ ಭಾಗವಿದೆ, ಅದನ್ನು ಬರೆಯುತ್ತೇನೆ. ಕನ್ನಡ ಸಂಘದವರು ನಮ್ಮನ್ನು ಊಟಕ್ಕೆ ಮೊದಲು, ಮಕ್ಕಳ ನೃತ್ಯದ ನಂತರ ಹಾಕಿದ್ದರು. ನಿನ್ನ ಅತ್ತೆ ಮೊದಲ ಸಾಲಿನಲ್ಲಿ, ಸರಿಯಾಗಿ ಬಲ ಸ್ಪೀಕರಿನ ಎದುರು ಕೂತಿದ್ದರು. ತಮ್ಮ ತಾಯಿಯ ಪದ ಈ ದೇಶದಲ್ಲಿ ಕೇಳಲು ಸಿಗುತ್ತದೆ ಎಂದು ಇಳಕಲ್ ಸೀರೆ ಉಟ್ಟು ಬಂದಿದ್ದರು. ನೀನು ಮೊದಲ ಉತ್ತರ ನುಡಿಸಿದೊಡನೆ ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಅದನ್ನು ನೀನೂ ನೋಡಿದೆ, ನಾನೂ ನೋಡಿದೆ. ನೋಡಿಯೂ ನೀನು ತಪ್ಪದೆ ನುಡಿಸಿದೆ. ನಿನ್ನ ಕಿವಿ ಕೆಂಪಾಗಿದ್ದವು.

ಎರಡನೆಯ ನುಡಿ ಮುಗಿದ ಮೇಲೆ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಜನ ಒಗ್ಗಿಕೊಂಡರೆಂದು ನೀನು ತಿಳಿದೆ. ಸೌಂಡ್ ನೋಡಿಕೊಳ್ಳುತ್ತಿದ್ದ ವ್ಯಾಸರಾಜ ಬಲಗಡೆಯ ವಾಲ್ಯೂಮನ್ನು ಪೂರ್ತಿ ಇಳಿಸಿಬಿಟ್ಟಿದ್ದರು. ವೇದಿಕೆಯ ಮೇಲಿನ ನಿನ್ನ ಮಾನಿಟರ್ ಸ್ಪೀಕರಿನಲ್ಲಿ ನಿನಗೆ ನಿನ್ನ ಗಿಟಾರ್ ಕೇಳುತ್ತಲೇ ಇತ್ತು, ಹಾಲಿಗೆ ಇರಲಿಲ್ಲ. ಹೀಗಾಗಿ ಉಳಿದ ಆರು ನುಡಿಗಳಲ್ಲಿ ನಾನು ಪ್ರಶ್ನೆ ಕೇಳುತ್ತಿದ್ದೆ, ಉತ್ತರದ ಜಾಗದಲ್ಲಿ ನಿನ್ನ ಕೈ ಮಾತ್ರ ಆಡುತ್ತಿತ್ತು. ಮುಗಿದ ಮೇಲೆ ವ್ಯಾಸರಾಜ ನನ್ನನ್ನು ಬದಿಗೆ ಕರೆದು, "ಸಾರಿ ಮೇಡಂ, ಆ ಕಡೇದು ಕಿವಿ ಕುಯ್ಯೋ ಹಾಗಿತ್ತು, ಕಟ್ ಮಾಡ್ಬಿಟ್ಟೆ. ನಿಮ್ಮದು ಮಾತ್ರ ಸೂಪರ್" ಎಂದರು. ನಾನು ಥ್ಯಾಂಕ್ಸ್ ಎಂದೆ. ಆ ಥ್ಯಾಂಕ್ಸನ್ನು ನಾನು ನಿನಗೆ ಹೇಳಿರಲಿಲ್ಲ.

ಊಟದ ಸಾಲಿನಲ್ಲಿ ಈರವ್ವನವರು ನನಗೆ ಹೇಳಿದ್ದರು: "ಆಕಿ ಬೆರಳು ಚಲೋ ಅದಾವ. ನಮ್ಮವ್ವ ಹಂಗ ನುಡಿ ಎಳೀತಿದ್ಲು. ಆ ಡಬ್ಬೀನ ಏನೋ ಕೆಟ್ಟೈತಿ ನೋಡು, ಕಿವ್ಯಾಗ ಸೂಜಿ ಚುಚ್ಚಿದಂಗ ಆತು." ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ನಾನು ಮನಸ್ಸಿನಲ್ಲಿ, ಇವರಿಗೇನು ಗೊತ್ತು ಎಂದುಕೊಂಡೆ. ಇಡೀ ಹಾಲಿನಲ್ಲಿ ದೋಷ ಎಲ್ಲಿದೆ ಎಂದು ಸರಿಯಾಗಿ ಹೇಳಿದವರು ಅವರೊಬ್ಬರೇ.

ಮರುದಿನ ಸಂಘದವರು ಮೊದಲೆರಡು ನುಡಿಗಳಷ್ಟಿದ್ದ ವಿಡಿಯೊ ತುಣುಕು ಕಳಿಸಿದರು. ನೀನು ಫೋನ್ ಮಾಡಿದೆ. "ನಂದ ಏನ ತಪ್ಪಾತು, ಖರೇ ಹೇಳು" ಎಂದೆ. ನಾನು ಹೇಳಿದೆ: "ನಿನ್ನ ಕೈ ಸ್ವಲ್ಪ ಒರಟು ಕಣೆ. ತಂತೀನ ಗಟ್ಟಿಯಾಗಿ ಮೀಟ್ತೀಯ. ಸೆಟ್ಟಿಂಗು ಎಷ್ಟೂಂತ ಸರಿ ಮಾಡುತ್ತೆ?" ನೀನು "ಹೌದಾ. ಆತು ಬಿಡು" ಎಂದೆ. ಆ ಮಾತು ಹೇಳುವಾಗ ನಾನು ಅದನ್ನು ನಂಬಿದ್ದೆ.

ಆ ವಾರವೇ ನೀನು ಮಾಡೆಲರನ್ನು ಅದರ ಮೂಲ ಪೆಟ್ಟಿಗೆಯಲ್ಲಿ, ವೈರುಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ನಮ್ಮ ಬಾಗಿಲಲ್ಲಿ ಇಟ್ಟು ಹೋದೆ. ಜೊತೆಗೆ ದೀಪಾವಳಿಗೆ ನಾನು ಚಕ್ಕುಲಿ ಕೊಟ್ಟಿದ್ದ ಸ್ಟೀಲಿನ ಡಬ್ಬಿ. ತೆರೆದು ನೋಡಿದೆ. ತೊಳೆದು ಒರೆಸಿದ್ದ ಡಬ್ಬಿ ಖಾಲಿಯಿತ್ತು. ಇಷ್ಟು ವರ್ಷದಲ್ಲಿ ನಿಮ್ಮ ಮನೆಯಿಂದ ಡಬ್ಬಿ ಖಾಲಿ ಬಂದದ್ದು ಅದೇ ಮೊದಲು. ಬೇರೆ ಏನೂ ಇಲ್ಲದ ದಿನ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕಳಿಸುವವಳು ನೀನು. ನಾನು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ತುಂಬ ದಿನ ಹಾಗೆಯೇ ಇಟ್ಟಿದ್ದೆ.

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಗ್ಯಾರೇಜು ಒಪ್ಪ ಮಾಡುವಾಗ ಹೆಡ್‌ಫೋನನ್ನು ಗಮನವಿಲ್ಲದೆ ತಿರುಗುಮುರುಗು ಹಾಕಿಕೊಂಡೆ. ನಮ್ಮ ಅಕ್ಟೋಬರಿನ ಅಭ್ಯಾಸದ ರೆಕಾರ್ಡಿಂಗು ಹಾಕಿದ್ದೆ. ನನ್ನ ಗಿಟಾರ್ ಕಂಬಳಿಯೊಳಗೆ ಹೋಯಿತು. ನಿನ್ನದು ಸೂಜಿಯಾಗಿ ಹೊರಗೆ ಬಂತು. ವೈರು ಬದಲಾಯಿಸಿದೆ. ಹೆಡ್‌ಫೋನನ್ನೇ ಬದಲಾಯಿಸಿದೆ. ಲ್ಯಾಪ್‌ಟಾಪಿನಲ್ಲಿ ಎಡಬಲವನ್ನು ಅದಲುಬದಲು ಮಾಡಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವುದು ನನ್ನ ಕೆಲಸದ ರೂಢಿ. ಯಾವುದನ್ನು ಬದಲಾಯಿಸಿದರೂ ಮಂಕು ನನ್ನ ಬಲಗಿವಿಯಲ್ಲೇ ಉಳಿಯಿತು.

ಡಿಸೆಂಬರಿನಲ್ಲಿ ಪರೀಕ್ಷೆ ಮಾಡಿಸಿದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದರು. ಕೊಟ್ಟ ಕಾಗದದಲ್ಲಿ ಎಡಗಿವಿಯ ಗೆರೆ ನೆಟ್ಟಗಿದೆ. ಬಲಗಿವಿಯದು ಅರ್ಧ ದಾರಿ ನೆಟ್ಟಗೆ ಬಂದು ಥಟ್ಟನೆ ಕೆಳಕ್ಕೆ ಇಳಿದಿದೆ. ನರದ ತೊಂದರೆಯಂತೆ. ಜುಲೈನಲ್ಲಿ ಕೂಡಲೇ ಬಂದಿದ್ದರೆ ಔಷಧ ಕೊಟ್ಟು ನೋಡಬಹುದಿತ್ತು ಎಂದರು. ಈಗ ಹಿಂದಕ್ಕೆ ಬರುವುದಿಲ್ಲ. ಇದನ್ನು ಓದಿ ನನ್ನ ಮೇಲೆ ಕನಿಕರಪಡಬೇಡ, ದಯವಿಟ್ಟು. ಇನ್ನು ಆ ನಡುವಿನ ಜಾಗ, ಸ್ಪೀಕರೇ ಇಲ್ಲದ ಕಡೆಯಿಂದ ಸದ್ದು ಬರುತ್ತಿತ್ತಲ್ಲ, ಅದು ನನಗೆ ಕೇಳುವುದಿಲ್ಲ. ಎರಡು ಕಿವಿ ಸಮವಿದ್ದವರಿಗೆ ಮಾತ್ರ ಅದು ಇರುತ್ತದೆ. ನಿನಗೆ ಇದೆ. ನೀನು ಗಿಟಾರ್ ಕೊಟ್ಟುಬಿಟ್ಟರೆ ಅದು ಇದ್ದೂ ಇಲ್ಲದ ಹಾಗಾಗುತ್ತದೆ ಎನ್ನುವುದಕ್ಕೆ ಇಷ್ಟು ಬರೆದೆ.

ಡಿಸೆಂಬರಿನಿಂದ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹೇಳಿದರೆ ನೀನು ಕ್ಷಮಿಸಿಬಿಡುತ್ತಿದ್ದೆ ಎನ್ನುವುದು ಗೊತ್ತಿತ್ತು. ಕ್ಷಮಿಸಿ, ಸೆಟ್ಟಿಂಗು ನೀನು ನೋಡಿಕೊಳ್ಳಲು ಶುರು ಮಾಡುತ್ತಿದ್ದೆ. ಕಿವಿ ಹೋದದ್ದಕ್ಕಿಂತ, ಕಿವಿ ನನ್ನದು ಎನ್ನುವ ಜಾಗ ಹೋಗುವುದು ನನಗೆ ಕಷ್ಟವಾಗಿತ್ತು. ಅದನ್ನು ಉಳಿಸಿಕೊಳ್ಳಲು ನಿನ್ನ ಕೈಯ ಮೇಲೆ ಹಾಕಿದ ಸುಳ್ಳನ್ನು ಅಲ್ಲೇ ಬಿಟ್ಟೆ. ನೀನು ಅದನ್ನು ನಂಬಿ, ರೊಟ್ಟಿ ಬಡಿಯುವ ಕೈ ಎಂದು ತಮಾಷೆಯನ್ನೂ ಮಾಡಿಕೊಂಡೆ. ಆ ತಮಾಷೆ ನಿನ್ನೆ ನಿನ್ನ ಅತ್ತೆಯ ಬಾಯಲ್ಲಿ ಕೇಳಿದಾಗ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಈಗ ನನ್ನದೊಂದು ಕೋರಿಕೆ. ಮಾಡೆಲರನ್ನು ನಾಳೆ ಆಫೀಸಿಗೆ ಹೋಗುವಾಗ ನಿಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತೇನೆ, ಬೆಲ್ ಮಾಡುವುದಿಲ್ಲ. ಅದರಲ್ಲಿ ಮೊದಲ ವರ್ಷದ ಸೆಟ್ಟಿಂಗನ್ನೇ ಮತ್ತೆ ತುಂಬಿದ್ದೇನೆ, ಟ್ರೆಬಲ್ ಐದು. ಅದನ್ನೂ ಪೂರ್ತಿ ನಂಬಬೇಡ. ನೀನು ನುಡಿಸು, ಈರವ್ವನವರನ್ನು ಎದುರು ಕೂರಿಸು, ಅವರು ಸಾಕು ಎಂದ ಕಡೆ ಗುಂಡಿ ನಿಲ್ಲಿಸು. ಈ ಕಾಗದದ ಜೊತೆ ಇರುವ ಪೆನ್ ಡ್ರೈವಿನಲ್ಲಿ ನನ್ನ ಭಾಗದ ಎಂಟೂ ನುಡಿಗಳನ್ನು ರೆಕಾರ್ಡ್ ಮಾಡಿ ಹಾಕಿದ್ದೇನೆ. ಪ್ರತಿ ಪ್ರಶ್ನೆಯ ನಂತರ ನಿನ್ನ ಉತ್ತರದ ಜಾಗ ಬಿಟ್ಟಿದ್ದೇನೆ. ನಾನು ಬರಬೇಕೆಂದಿಲ್ಲ. ನನ್ನನ್ನು ಕರೆಯದೆಯೂ, ನನ್ನ ಜೊತೆ ಮಾತಾಡದೆಯೂ, ಇಪ್ಪತ್ತೆರಡನೇ ತಾರೀಖಿನ ಒಳಗೆ ಅವರಿಗೆ ಅವರ ತಾಯಿಯ ಪದವನ್ನು ಪೂರ್ತಿ ಕೇಳಿಸಬಹುದು. ನನ್ನ ಗಿಟಾರಿನ ದನಿ ನಿನ್ನದಕ್ಕೆ ಹೊಂದದಿದ್ದರೆ ನನ್ನದನ್ನು ಬದಲಾಯಿಸು. ಇಷ್ಟು ದಿನ ನಿನ್ನದನ್ನೇ ಬದಲಾಯಿಸಿದ್ದಾಯಿತು.

ಹದಿನಾರರ ಭಾನುವಾರ ಗಿಟಾರ್ ಒಯ್ಯಲು ಬರುವವರಿಗೆ ಏನು ಹೇಳಬೇಕು ಎನ್ನುವುದು ನಿನ್ನ ನಿರ್ಧಾರ. ಕೊಡಲೇಬೇಕೆನಿಸಿದರೆ ಕೊಡು, ಕೈ ಒರಟು ಎನ್ನುವ ಕಾರಣಕ್ಕೆ ಮಾತ್ರ ಕೊಡಬೇಡ.

ಅನಿಕೇತರಿಗೂ ಮಗನಿಗೂ ನನ್ನ ನೆನಪುಗಳನ್ನು ತಿಳಿಸು. ನಿನ್ನ ಅತ್ತೆಗೆ, ಹೇಳಿದ್ದೇನೆ ಎಂದು ಹೇಳು.

ನಿನ್ನ ಗೆಳತಿಯೆಂದು ಬರೆಯುವ ಹಕ್ಕು ಸದ್ಯಕ್ಕೆ ಇಲ್ಲದ,
ಹೇಮಶ್ರೀ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ನಿನ್ನ ಕೈ ಒರಟು ಎನ್ನುವ ಮಾತನ್ನು ಹೇಳುವಾಗ ನಂಬಿದ್ದೆ ಎಂದು ಮೇಲೆ ಬರೆದಿದ್ದೇನೆ. ನಂಬಿರಲಿಲ್ಲ. ಹೆಡ್‌ಫೋನ್ ತಿರುಗುಮುರುಗಾದದ್ದು ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಲ್ಲ, ಅಕ್ಟೋಬರ್ ೨೭ರ ಭಾನುವಾರ, ನೀನು ಅಭ್ಯಾಸ ಮುಗಿಸಿ ಹೋದ ಮೇಲೆ. ವೈರು, ಲ್ಯಾಪ್‌ಟಾಪು, ಎಲ್ಲ ಪರೀಕ್ಷೆಯನ್ನೂ ಅವತ್ತೇ ಮಾಡಿದ್ದೆ. ಸಂಜೆ ಐದಕ್ಕೆಲ್ಲ ನನಗೆ ಖಚಿತವಾಗಿತ್ತು. ಮರುದಿನ ಬೆಳಿಗ್ಗೆ ನಿನಗೆ ಎಂಟೂವರೆಯ ಫೈಲು ಕಳಿಸಿದೆ. ಏಳಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು; ಏರಿಸಿದರೆ ಮಾತ್ರ ಅಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಸರಿಯಾಗಿತ್ತು ಅನ್ನಿಸುತ್ತಿತ್ತು. ಅವತ್ತು ಗೊತ್ತಾದ ಮೇಲೆ ನಾನು ಮೊದಲು ಮಾಡಿದ್ದು ಏನೆಂದರೆ, ಹೆಡ್‌ಫೋನನ್ನು ತಿರುಗಿಸಿ ಸರಿಯಾಗಿ ಹಾಕಿಕೊಂಡದ್ದು. ನಿನ್ನ ಗಿಟಾರ್ ಮತ್ತೆ ಮಂಕಾಯಿತು. ನನಗೆ ನೆಮ್ಮದಿಯಾಯಿತು.